ಮೂಳೆಯೊಳಗಣ ಬಾಳು

ಕಳೆದ ಆಷಾಢದಲ್ಲಿ ನಮ್ಮ ತಾಯಿಯವರು ಬಚ್ಚಲುಮನೆಯಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟಿನ ಮೂಳೆಯನ್ನು ಮುರಿದುಕೊಂಡರು. ಅವರಿಗೆ 72ರ ಪ್ರಾಯ. ಮುರಿದುದು ಕೈಯಾದರೂ, ಮತ್ತೆ ಬಿದ್ದಾರೆಂಬ ಭಯದಿಂದ ಅವರನ್ನು ಮಂಚದಿಂದ ಇಳಿಯಗೊಡದೆ ಕಾಯುವುದೇ ಮಾತೃಸೇವೆಯೆಂದು ನಾವು ಬಗೆದೆವು. ಮೂರು ವಾರದ ಮೇಲೆ ಕೈಕಟ್ಟನ್ನು ನೋಡಲು ಮನೆಗೆ ಬಂದ ವೈದ್ಯರು, ಹೊರಡುವಾಗ ಜಗಲಿಯಲ್ಲಿ ನಿಂತು, “ಮೂಳೆಯೆಂದರೆ ಕಲ್ಲೆಂದು ತಿಳಿದಿರಾ?” ಎಂದರು. ದಿಟವನ್ನು ಹೇಳಬೇಕಾದರೆ, ನಾವು ಹಾಗೆಯೇ ತಿಳಿದಿದ್ದೆವು.

ಅವರು ಹೇಳಿದುದನ್ನೂ ಆಮೇಲೆ ನಾವು ಓದಿ ತಿಳಿದುದನ್ನೂ ಕೂಡಿಸಿ ಬರೆಯುತ್ತೇವೆ. ಮೂಳೆಯನ್ನು ಕಟ್ಟುವ ಜೀವಕಣಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದು ಹೆಸರು. ಇವು ಮೊದಲು ಕೊಲ್ಲಾಜನ್ ಎಂಬ ನಾರಿನ ಹಂದರವನ್ನು ಹೆಣೆದು, ಬಳಿಕ ಅದರಲ್ಲಿ ಸುಣ್ಣದ ಲವಣವು ನೆಲೆಗೊಳ್ಳುವಂತೆ ಮಾಡುತ್ತವೆ. ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳದು ಬೇರೆ ಕುಲ; ರಕ್ತಕಣಗಳು ಹುಟ್ಟುವ ಮಜ್ಜೆಯೇ ಇವುಗಳ ತವರು. ಹಲವು ಕಣಗಳು ಬೆಸೆದು ಒಂದೇ ದೊಡ್ಡ ಕಣವಾಗಿ, ಆಮ್ಲವನ್ನು ಸುರಿಸಿ ಹಳೆಯ ಮೂಳೆಯನ್ನು ಕರಗಿಸುತ್ತವೆ. ಇವನ್ನು ವೈರಿಗಳೆನ್ನಲಾಗದು, ಜೀರ್ಣವಾದ ಗೋಡೆಯನ್ನು ಕೆಡಹದೆ ಹೊಸತನ್ನು ಎಬ್ಬಿಸುವ ಗಾರೆಯವನುಂಟೆ? ಬೆಳೆದವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 10 ಪಾಲು ಹೀಗೆ ಹೊಸದಾಗುವುದಂತೆ. ಆದರೆ ಸ್ತ್ರೀಯರಿಗೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗಿ, ಕೆಡಹುವ ಕೆಲಸವು ಕಟ್ಟುವುದನ್ನು ಮೀರುತ್ತದೆ.

ನಮ್ಮ ಮನಸ್ಸನ್ನು ಸೆಳೆದುದು ಮೂರನೆಯ ಬಗೆ. ಕಟ್ಟುವ ಕಣಗಳಲ್ಲಿ ಕೆಲವು ತಾವೇ ಕಟ್ಟಿದ ಗೋಡೆಯೊಳಗೆ ಹುದುಗಿಹೋಗಿ ಆಸ್ಟಿಯೋಸೈಟ್ ಎನಿಸಿಕೊಳ್ಳುತ್ತವೆ. ಮೂಳೆಯ ಜೀವಕಣಗಳಲ್ಲಿ ನೂರಕ್ಕೆ 90ಕ್ಕೂ ಮೇಲ್ಪಟ್ಟು ಇವೇ. ಹುದುಗಿದ ಮಾತ್ರಕ್ಕೆ ಸಾಯವು. ಕೂದಲಿಗಿಂತ ಸೂಕ್ಷ್ಮವಾದ ಕಾಲುವೆಗಳಲ್ಲಿ ಕೈಚಾಚಿ, ನೆರೆಯ ಕಣಗಳನ್ನು ಮುಟ್ಟಿಕೊಂಡು ಹತ್ತಾರು ವರ್ಷ ಬಾಳಬಲ್ಲವು. ಮೈಯ ಭಾರವು ಮೂಳೆಯ ಮೇಲೆ ಬಿದ್ದುದನ್ನು ಅರಿಯುವವು ಇವು; ಎಲ್ಲಿ ಕಟ್ಟಬೇಕು, ಎಲ್ಲಿ ಕೆಡಹಬೇಕೆಂಬ ಸೂಚನೆ ಹೊರಡುವುದೂ ಇವುಗಳಿಂದಲೇ. ಭಾರವೇ ಬೀಳದಿದ್ದರೆ, ಆ ಮೂಳೆ ಬೇಡವಾಯಿತೆಂಬಂತೆ ಕರಗಿಸುವವುಗಳನ್ನು ಕರೆಯುತ್ತವೆ. ಹೊರೆಗೆ ತಕ್ಕಂತೆ ಮೂಳೆಯ ರಚನೆಯು ಮಾರ್ಪಡುವುದೆಂದು ಜರ್ಮನಿಯ ಯೂಲಿಯುಸ್ ವೋಲ್ಫ್ ಎಂಬ ಶಸ್ತ್ರವೈದ್ಯನು 1892ರಲ್ಲಿಯೇ ಬರೆದಿದ್ದನು.

ಎಂದ ಮೇಲೆ, ಮೂರು ವಾರ ನಾವು ನಡೆಸಿದ ಸೇವೆಯಾದರೂ ಎಂತಹುದು? ಹಾಲನ್ನೂ ರಾಗಿಯ ಅಂಬಲಿಯನ್ನೂ ತಪ್ಪಿಸಲಿಲ್ಲವೆಂಬುದೊಂದೇ ಸಮಾಧಾನ. ಆ ಸಂಜೆ ಅಮ್ಮನ ಬಳಿ ಕುಳಿತು ಇದನ್ನೆಲ್ಲ ಹೇಳತೊಡಗಿದೆವು. ಅವರು ಪೂರ್ತಿ ಕೇಳಲಿಲ್ಲ. “ಹಾಗಾದರೆ ನಾಳೆ ತುಳಸಿಗೆ ನೀರು ನಾನೇ ಹಾಕುತ್ತೇನೆ” ಎಂದು, ಎಡಗೈಯಿಂದ ನಮ್ಮ ಹೆಗಲನ್ನು ಹಿಡಿದು ಎದ್ದೇಬಿಟ್ಟರು. ಬಚ್ಚಲ ಪಾಚಿಯನ್ನು ನಾವು ಉಜ್ಜಿಸಿದುದು ಮರುದಿನ ಬೆಳಗ್ಗೆ, ಅವರು ಹಿತ್ತಿಲಿಗೆ ಇಳಿಯುವ ಮುನ್ನ.