ಅಗ್ಬೋರಿನ ಬೆಳಗಿನ ಗಂಜಿ

ನೈಜೀರಿಯಾದ ಬೆನಿನ್ ನಗರದಿಂದ ನೈಜರ್ ನದಿ ದಂಡೆಯ ಅಸಾಬಾಕ್ಕೆ ಹೋಗುವ ಹೆದ್ದಾರಿಯಲ್ಲಿ ಅಗ್ಬೋರ್ ಸಿಗುತ್ತದೆ. ಅದು ಇಕಾ ಜನರ ಸೀಮೆ. ಇಗ್ಬೋಗೆ ಹತ್ತಿರದ ನುಡಿ, ಪಕ್ಕದಲ್ಲೇ ಎಡೋ ನಾಡು. ಬೆಳಗಾದರೆ ಅಲ್ಲಿ ಮೆಕ್ಕೆಜೋಳದ ಹುಳಿಗಂಜಿ, ಅಕಾಮು. ಪಡುವಣದ ಯೊರುಬಾ ನಾಡಿನಲ್ಲಿ ಇದನ್ನೇ ಓಗಿ ಅನ್ನುತ್ತಾರೆ.

ಅಂಬಲಿ ಕುಡಿದು ಬೆಳೆದ ನನಗೆ ಈ ಗಂಜಿಯ ಮೇಲೆ ಬಲು ಅಕ್ಕರೆ. ನಮ್ಮ ರಾಗಿ ಆಫ್ರಿಕಾದಿಂದ ಬಂದದ್ದು. ಅವರ ಮೆಕ್ಕೆಜೋಳ ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಕಡಲು ದಾಟಿ ಹೋದದ್ದು.

ಕಾಳನ್ನು ಎರಡು ಮೂರು ದಿನ ನೆನೆಹಾಕಿ, ನುಣ್ಣಗೆ ರುಬ್ಬಿ, ನೀರು ಬಿಟ್ಟು ತೆಳು ಬಟ್ಟೆಯಲ್ಲಿ ಸೋಸುತ್ತಾರೆ. ಹೊಟ್ಟು ಬಟ್ಟೆಯಲ್ಲಿ ನಿಲ್ಲುತ್ತದೆ, ಬೆಳ್ಳನೆಯ ಗಸಿ ತಳಕ್ಕಿಳಿದು ಹುಳಿಯಾಗುತ್ತದೆ. ತಿಳಿ ಬಸಿದು, ಗಸಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡಿದರೆ ಗಟ್ಟಿ ಮುದ್ದೆ. ಕಾಯಿಸುವಾಗ ಕೈ ಪಳಗಿರಬೇಕು. ಮುದ್ದೆಯನ್ನು ಬಟ್ಟಲಲ್ಲಿ ತಣ್ಣೀರು ಬೆರೆಸಿ ಕದಡಿ, ಮೇಲಿಂದ ಕುದಿಯುವ ನೀರು ಹೊಯ್ಯುತ್ತಾ ಬಿಡದೆ ತಿರುವಬೇಕು. ಮೊದಲು ಹಾಲಿನಂತೆ ತೆಳ್ಳಗಿರುತ್ತದೆ. ನೋಡುನೋಡುತ್ತಿದ್ದಂತೆ ಸೌಟು ಭಾರವಾಗುತ್ತದೆ, ಬಿಳುಪು ಮಾಸಿ ಹೊಳಪು ಬರುತ್ತದೆ. ನೀರು ಚೆನ್ನಾಗಿ ಕುದಿಯದಿದ್ದರೆ ಗಂಜಿ ಕೂಡುವುದೇ ಇಲ್ಲ.

ಇಷ್ಟು ಮಾಡುವಾಗ ಹೊಟ್ಟಿನ ಜೊತೆ ಕಾಳಿನ ಪ್ರೋಟೀನಿನ ಒಂದು ಪಾಲೂ ಹೋಗಿಬಿಡುತ್ತದೆ. ಪ್ರೋಟೀನಿನ ಮುಖ್ಯ ಅಂಶವಾದ ಲೈಸೀನ್ ಮೆಕ್ಕೆಜೋಳದಲ್ಲಿ ಮೊದಲೇ ಕಡಿಮೆ. ಆದರೆ ಗಂಜಿಯ ಪಕ್ಕದಲ್ಲಿ ಅಕಾರಾ ಇರುತ್ತದಲ್ಲ! ಸಿಪ್ಪೆ ತೆಗೆದ ಅಲಸಂದೆ ರುಬ್ಬಿ, ಈರುಳ್ಳಿ, ಮೆಣಸಿನಕಾಯಿ ಸೇರಿಸಿ ಎಣ್ಣೆಯಲ್ಲಿ ಕರಿದ ವಡೆ ಅದು. ಅಲಸಂದೆಯಲ್ಲಿ ಲೈಸೀನ್ ಧಾರಾಳ. ಲೈಸೀನಿನ ಹೆಸರು ಕೇಳದ ಹೆಂಗಸರು ಕಟ್ಟಿದ ಜೋಡಿ ಇದು. ನನಗೆ ಇದಕ್ಕಿಂತ ದೊಡ್ಡ ಅಡುಗೆಯ ಜಾಣ್ಮೆ ಕಾಣದು.

ಕಳವಳ ಇರುವುದು ಕೂಸುಗಳ ಬಗ್ಗೆ. ಎದೆಹಾಲಿನ ಜೊತೆ ಮೊದಲು ಬಾಯಿಗಿಡುವುದು ತೆಳ್ಳನೆಯ ಅಕಾಮುವನ್ನೇ. ಹಲ್ಲಿಲ್ಲದ ಮಗು ವಡೆ ತಿನ್ನುವುದೆಲ್ಲಿ? ಬರೀ ಗಂಜಿಯಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಲಾಗೋಸಿನ ಓಶೋಡಿಯಲ್ಲಿರುವ ಕೈಗಾರಿಕಾ ಸಂಶೋಧನಾ ಸಂಸ್ಥೆ ಸೋಯಾ ಬೆರೆಸಿದ ಓಗಿಯನ್ನು ರೂಪಿಸಿದ್ದು ಈ ಕೊರತೆ ನೀಗಲೆಂದೇ. ಪುಡಿಯ ಪೊಟ್ಟಣ ಎಲ್ಲರ ಕೈಗೆಟುಕದಿದ್ದರೂ ಚಿಂತೆಯಿಲ್ಲ. ನುಣ್ಣಗೆ ಅರೆದ ಒಂದು ಹಿಡಿ ಕಡಲೇಬೀಜ, ಒಂದು ಚಿಟಿಕೆ ಒಣಸೀಗಡಿ ಪುಡಿ ಅದೇ ಗಂಜಿಗೆ ಬಿದ್ದರೂ ಮಗುವಿನ ಪಾಲಿಗೆ ಅದು ಊಟವಾಗುತ್ತದೆ. ಎರಡೂ ಅಗ್ಬೋರಿನ ಸಂತೆಯಲ್ಲೇ ಸಿಗುವಂಥವು.