ಜನ ಎಷ್ಟಿದ್ರು?

ಮ್ಯಾಚ್ ಮುಗಿಸಿ ಮನೆಗೆ ಬಂದರೆ ಅಪ್ಪ ಮೊದಲು ಸ್ಕೋರು ಕೇಳುತ್ತಿರಲಿಲ್ಲ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿಂದ ಅವರ ದನಿ ಬರುತ್ತಿತ್ತು: "ಜನ ಎಷ್ಟಿದ್ರು?" ಗೆಲುವು ಸೋಲಿನ ಮಾತೆಲ್ಲ ಅದಾದಮೇಲೆ. ವಯಸ್ಸಾದವರ ರೂಢಿ ಎಂದು ನಾನು ಸುಮ್ಮನಿದ್ದೆ. ತುಂಬಿ ತುಳುಕುತ್ತಿದ್ದ ಗ್ಯಾಲರಿ ವರ್ಷಕ್ಕೊಂದು ಸಾಲಿನಂತೆ ಬರಿದಾಗುವುದನ್ನು ಅಲ್ಲೇ ಕೂತು ನೋಡಿದವರು ಅವರು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅಪ್ಪ ಬೆಂಗಳೂರಿನ ಪೂರ್ವಕ್ಕಿದ್ದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಬೆಳಗಿನ ಶಿಫ್ಟು ಬಿಟ್ಟ ದಿನ ಊಟದ ಡಬ್ಬಿ ಹಿಡಿದುಕೊಂಡೇ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋಗುತ್ತಿದ್ದರು. ರಜೆಯಿದ್ದರೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಸಿಮೆಂಟಿನ ಮೆಟ್ಟಿಲು ಸಂಜೆ ನಾಲ್ಕಕ್ಕೂ ಕಾದಿರುತ್ತಿತ್ತು; ಅಪ್ಪ ತಮ್ಮ ಕರವಸ್ತ್ರ ಹಾಸಿ ನನ್ನನ್ನು ಕೂರಿಸುತ್ತಿದ್ದರು. ಪೊಟ್ಟಣದ ಕಡಲೆಕಾಯಿ, ಬೀಡಿ ಹೊಗೆ, ತಮಿಳು, ಉರ್ದು, ಕನ್ನಡ ಮೂರರಲ್ಲೂ ಬೈಗುಳ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಿಂದ ಬಂದ ಹಿರಿಯರಿಗೆ ಹಳೆಯದೆಲ್ಲ ಬಾಯಿಪಾಠ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಹೊತ್ತು ತಂದದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ಊರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದದ್ದು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್‌ನ ಪಂಚಪಾಂಡವರೆಂದು ಹೆಸರಾದ ಐದು ಫಾರ್ವರ್ಡುಗಳಲ್ಲಿ ಒಬ್ಬರೆನಿಸಿಕೊಂಡದ್ದು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದ ಕತೆ ಇಡೀ ಸ್ಟೇಡಿಯಂನ ಆಸ್ತಿ. ಮೈದಾನದಲ್ಲಿ ಆಟ ಮಂದವಾದರೆ ಆ ಕತೆಗಳು ಶುರುವಾಗುತ್ತಿದ್ದವು.

ಆಗಿನ ತಂಡಗಳ ಹೆಸರುಗಳೇ ಬೇರೆ: ಎಚ್‌ಎಎಲ್, ಐಟಿಐ, ಹೀಗೆ ಕಾರ್ಖಾನೆಗಳವು. ಆಟಗಾರರಿಗೆ ಅಲ್ಲೇ ಖಾಯಂ ನೌಕರಿ. ಅಪ್ಪನ ಕಾರ್ಖಾನೆಗೂ ಒಂದು ತಂಡವಿತ್ತು. ಅದರ ಲೆಫ್ಟ್ ಬ್ಯಾಕ್ ಸ್ಟೋರ್ಸಿನಲ್ಲಿ ಗುಮಾಸ್ತ. ನಿನ್ನೆ ಖಾಲಿ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಒದ್ದ ಫಾರ್ವರ್ಡು ಇವತ್ತು ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ಮುಂದೆಯೇ ನಿಂತಿರುತ್ತಿದ್ದ. ಜನ ಬಿಡುತ್ತಿರಲಿಲ್ಲ, ಉಪ್ಪಿಟ್ಟು ತಣ್ಣಗಾಗುವವರೆಗೂ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ತಂಡದ ಆಯ್ಕೆ ಸರಿಯಿಲ್ಲವೆನಿಸಿದರೆ ಸ್ಪೋರ್ಟ್ಸ್ ಸೆಕ್ರೆಟರಿಯ ಮೇಜಿನ ಮುಂದೆ ನಾಲ್ಕು ಜನ ಹೋಗಿ ನಿಲ್ಲುತ್ತಿದ್ದರು. ಪ್ರತಿಭಟನೆ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಕೇಳುವವನಿಗೂ ಕೇಳಿಸಿಕೊಳ್ಳುವವನಿಗೂ ನಡುವೆ ಒಂದು ಮೇಜಿನಷ್ಟೇ ದೂರ.

ಆಮೇಲೆ ಆ ತಂಡಗಳು ಸೊರಗಿದವು. ಹೊಸ ನೇಮಕಾತಿ ಕಡಿಮೆಯಾಯಿತು. ಒಳ್ಳೆಯ ಹುಡುಗರು ಗುತ್ತಿಗೆಯ ಹಣ ಕೊಡುವ ಗೋವಾ, ಕಲ್ಕತ್ತೆಯ ಕ್ಲಬ್ಬುಗಳ ಕಡೆ ಹೊರಟರು. ಫುಟ್‌ಬಾಲ್ ವೃತ್ತಿಪರವಾಗಬೇಕೆಂಬ ನಿಯಮಗಳು ಬಂದ ಮೇಲೆ, ಹಾಜರಿ ಹಾಕಿ ಆಡಲು ಬರುವ ನೌಕರರ ತಂಡಕ್ಕೆ ರಾಷ್ಟ್ರೀಯ ಲೀಗಿನಲ್ಲಿ ಜಾಗವೇ ಉಳಿಯಲಿಲ್ಲ. 2011–12ರ ಐ-ಲೀಗ್‌ನಲ್ಲಿ ಎಚ್‌ಎಎಲ್ ಕೊನೆಯ ಸ್ಥಾನಕ್ಕೆ ಕುಸಿದು ಕೆಳಗಿಳಿಯಿತು. ಒಂದು ಕಾಲದಲ್ಲಿ ಇಡೀ ಊರೇ ಮಾತಾಡಿಕೊಳ್ಳುತ್ತಿದ್ದ ತಂಡಗಳು ಹೀಗೆ ಹಿಂದೆ ಸರಿಯುವಾಗ ಬೆಂಗಳೂರಿನಲ್ಲಿ ಒಬ್ಬರೂ ಬೀದಿಗಿಳಿಯಲಿಲ್ಲ, ಒಂದು ಫಲಕ ಏಳಲಿಲ್ಲ. ಅಪ್ಪನನ್ನು ಒಮ್ಮೆ ಈ ಬಗ್ಗೆ ಕೇಳಿದ್ದೆ. "ಸ್ಟೇಡಿಯಮ್ಮಲ್ಲಿ ನಾವು ಇಪ್ಪತ್ತು ಜನ ಇದ್ವಿ ಕಣೋ. ಇಪ್ಪತ್ತು ಜನ ಕೂಗಿದ್ರೆ ಯಾರಿಗೆ ಕೇಳ್ಸುತ್ತೆ?" ಅಂದರು. ಅವರ ಲೆಕ್ಕದ ಪ್ರಶ್ನೆ ಅಲ್ಲಿಂದ ಹುಟ್ಟಿದ್ದಿರಬೇಕು.

2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿದಾಗ ನನಗೆ ನಂಬಿಕೆಯಿರಲಿಲ್ಲ. ಮೊದಲ ಪಂದ್ಯ ಅದೇ ಅಶೋಕನಗರದ ಸ್ಟೇಡಿಯಂನಲ್ಲಿ, ಮೋಹನ್ ಬಾಗಾನ್ ವಿರುದ್ಧ, 1–1. ಪಶ್ಚಿಮದ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರು, ಐಟಿ ಕಂಪನಿಗಳ ಹೊಸಬರು ಸೇರಿಕೊಂಡು ಕೂತರು. ಕೂತರು ಎನ್ನುವುದು ತಪ್ಪು, ತೊಂಬತ್ತು ನಿಮಿಷವೂ ನಿಂತೇ ಇದ್ದರು. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಾದ ಆ ಗುಂಪಿನ ಹಿಂದೆ ನಾನು ಹೋಗಿ ನಿಂತೆ. ಹಾಡು ಗೊತ್ತಿಲ್ಲದಿದ್ದರೂ ಪಕ್ಕದವನ ತುಟಿ ನೋಡಿಕೊಂಡು ಹಾಡಿದೆ. ಮೊದಲ ವರ್ಷವೇ ನಮ್ಮ ತಂಡ ಐ-ಲೀಗ್ ಗೆದ್ದಿತು. ಅಪ್ಪ ಬಂದಿದ್ದರು ಒಮ್ಮೆ. ಆಟಕ್ಕಿಂತ ಹೆಚ್ಚಾಗಿ ಹಿಂತಿರುಗಿ ಸ್ಟ್ಯಾಂಡನ್ನೇ ನೋಡುತ್ತಿದ್ದರು.

ಕಂಠೀರವ ಸ್ಟೇಡಿಯಂಗೆ ತಂಡ ಹೋದ ಮೇಲೆ ಮೈದಾನ ನಮ್ಮಿಂದ ದೂರವಾಯಿತು. ನಡುವೆ ಓಟಗಾರರ ಟ್ರ್ಯಾಕು. ಆ ದೂರವನ್ನು ಗಂಟಲಿನಿಂದಲೇ ತುಂಬಿಸಬೇಕಿತ್ತು, ತುಂಬಿಸಿದೆವು. 2016ರ ಅಕ್ಟೋಬರ್ 19ರ ಬುಧವಾರ ನೆನೆದರೆ ಈಗಲೂ ಮೈ ನವಿರೇಳುತ್ತದೆ. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಹನ್ನೊಂದನೇ ನಿಮಿಷಕ್ಕೇ ಗೋಲು ಬಿಟ್ಟುಕೊಟ್ಟೆವು. ಸ್ಟೇಡಿಯಂ ಒಂದು ಗಳಿಗೆ ಸ್ತಬ್ಧ. ಮರುಕ್ಷಣ ನಮ್ಮ ಸ್ಟ್ಯಾಂಡಿನ ಡೋಲು ಮೊದಲಿಗಿಂತ ಜೋರಾಗಿ ಶುರುವಾಯಿತು. ವಿರಾಮಕ್ಕೆ ಸ್ವಲ್ಪ ಮೊದಲು ಲಿಂಗ್ಡೊ ಎತ್ತಿದ ಕಾರ್ನರಿಗೆ ಸುನಿಲ್ ಛೇಟ್ರಿ ತಲೆ ಕೊಟ್ಟರು. ಎರಡನೇ ಅರ್ಧದಲ್ಲಿ ದೂರದಿಂದ ಅವರು ಹೊಡೆದ ಚೆಂಡು ಬಲೆ ಸೇರಿದಾಗ, ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನನ್ನು ಎತ್ತಿಯೇ ಬಿಟ್ಟರು. ಹುವಾನನ್ ಮೂರನೆಯದನ್ನು ಸೇರಿಸಿದರು. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ತಂಡಕ್ಕೆ ಒಂದು ಗೋಲಿನಿಂದ ಸೋತೆವು. ಆ ಸೋಲಿಗಿಂತ ಆ ಬುಧವಾರದ ರಾತ್ರಿಯೇ ನನ್ನಲ್ಲಿ ಉಳಿದಿದೆ. ಮನೆಗೆ ಬಂದಾಗ ಹನ್ನೊಂದೂವರೆ, ಅಪ್ಪ ಎಚ್ಚರವಾಗಿದ್ದರು. ಪ್ರಶ್ನೆ ಬಂತು. "ಕಾಲಿಡಕ್ಕೆ ಜಾಗ ಇರ್ಲಿಲ್ಲಪ್ಪ" ಅಂದೆ. ಅವರು ದೀಪ ಆರಿಸಿ ಮಲಗಿದರು, ಸ್ಕೋರು ಕೇಳಲೇ ಇಲ್ಲ.

2017ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗಿಗೆ ಸೇರಿತು, 2019ರ ಮಾರ್ಚಿನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಚಾಂಪಿಯನ್ ಆಯಿತು. ಆನಂತರ ಕೋವಿಡ್. ಎರಡು ಸೀಸನ್ನಿನ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದವು. ಸಂಜೆ ಸ್ಟೇಡಿಯಂಗೆ ಹೋಗುವ ರೂಢಿ ಒಮ್ಮೆ ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ. ನಮ್ಮ ಸಾಲಿನಲ್ಲಿದ್ದ ಎಂಟು ಜನರಲ್ಲಿ ಮರಳಿ ಬಂದವರು ಐದು. ಒಬ್ಬ ಕೆನಡಾಕ್ಕೆ, ಒಬ್ಬ ಹುಬ್ಬಳ್ಳಿಗೆ, ಇನ್ನೊಬ್ಬ ಎಲ್ಲಿಗೆ ಹೋದನೋ ತಿಳಿಯದು. 2023–24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯವರಾದೆವು. ಮುಂದಿನ ವರ್ಷ ಫೈನಲ್‌ವರೆಗೆ ಹೋಗಿ ಮೋಹನ್ ಬಾಗಾನ್‌ಗೆ ಸೋತೆವು. ಏಳುಬೀಳು ಯಾವ ತಂಡಕ್ಕೂ ತಪ್ಪಿದ್ದಲ್ಲ. ಅದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ.

2025ರ ಜುಲೈ 11ರಂದು ಲೀಗನ್ನೇ ತಡೆಹಿಡಿಯಲಾಗಿದೆ ಎಂಬ ಸುದ್ದಿ ಬಂತು. ಲೀಗ್ ನಡೆಸುತ್ತಿದ್ದ ಕಂಪನಿಗೂ ಫುಟ್‌ಬಾಲ್ ಒಕ್ಕೂಟಕ್ಕೂ 2010ರಲ್ಲಿ ಆದ ಹದಿನೈದು ವರ್ಷದ ಒಪ್ಪಂದ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನು ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಆಗಸ್ಟ್ ಮೊದಲ ವಾರ ನಮ್ಮ ಕ್ಲಬ್ಬು ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ನಾನು ಅದನ್ನು ಓದಿದ್ದು ಮೆಟ್ರೊದಲ್ಲಿ. ಇಳಿಯಬೇಕಾದ ನಿಲ್ದಾಣ ದಾಟಿ ಹೋಯಿತು.

ಇಂಗ್ಲೆಂಡಿನ ಬರಿ ಎಂಬ ಊರಿನ ಕ್ಲಬ್ಬು ನೆನಪಾಯಿತು. ಎರಡು ಸಲ ಎಫ್‌ಎ ಕಪ್ ಗೆದ್ದ ತಂಡ, 1903ರಲ್ಲಿ ಫೈನಲ್ ಗೆದ್ದದ್ದು 6–0 ಅಂತರದಲ್ಲಿ. ಒಬ್ಬರು ಒಂದೇ ಪೌಂಡಿಗೆ ಕೊಂಡ ಆ ಕ್ಲಬ್ಬು ಸಾಲದಲ್ಲಿ ಮುಳುಗಿತು. 2019ರ ಬೇಸಿಗೆಯಲ್ಲಿ ಅಭಿಮಾನಿಗಳು ಶವಪೆಟ್ಟಿಗೆ ಹೊತ್ತು ಮೆರವಣಿಗೆ ಹೋದರು. ಹಿಂದೆ ನಿರ್ದೇಶಕಿಯಾಗಿದ್ದ ಮಹಿಳೆಯೊಬ್ಬರು ಸ್ಟೇಡಿಯಂನ ಮಳೆನೀರಿನ ಕೊಳವೆಗೆ ತಮ್ಮನ್ನೇ ಬೇಡಿಯಲ್ಲಿ ಬಿಗಿದುಕೊಂಡರು. ಯಾರೋ ಕೊಳ್ಳಲಿದ್ದಾರೆಂಬ ಆಸೆಯಿಂದ ಆಗಸ್ಟ್ 27ರಂದು ಜನ ಪೊರಕೆ ಹಿಡಿದು ಬಂದು ಸ್ಟ್ಯಾಂಡು ಗುಡಿಸಿದರು. ಅದೇ ರಾತ್ರಿ, 125 ವರ್ಷ ಆಡಿದ ಲೀಗಿನಿಂದ ಬರಿಯನ್ನು ಹೊರಹಾಕಲಾಯಿತು. ಆ ಪೊರಕೆಗಳ ಫೋಟೊ ನೋಡಿ ನಾನು ಅತ್ತಿದ್ದೇನೆ. ಹಬ್ಬದ ಹಿಂದಿನ ದಿನ ಮನೆ ಗುಡಿಸಿದ ಹಾಗಿತ್ತು. ಅವರ ಕೂಗು ಕ್ಲಬ್ಬನ್ನು ಅಂದು ಉಳಿಸಲಿಲ್ಲ, ಆದರೆ ಎಲ್ಲೋ ನಾಟಿತು. ಅಭಿಮಾನಿಗಳ ಮಾತು ಕೇಳಿ ಫುಟ್‌ಬಾಲ್ ಆಡಳಿತದ ಪರಿಶೀಲನೆ ನಡೆಯಿತು. ಕ್ಲಬ್ಬುಗಳ ಮಾಲೀಕರ ಮೇಲೆ ಕಣ್ಣಿಡಲು ಸ್ವತಂತ್ರ ನಿಯಂತ್ರಕನನ್ನು ತರುವ ಕಾಯ್ದೆಗೆ ಬ್ರಿಟನ್ನಿನಲ್ಲಿ ಅಂಕಿತ ಬಿದ್ದದ್ದು 2025ರ ಜುಲೈನಲ್ಲಿ. ನಮ್ಮ ಲೀಗ್ ನಿಂತದ್ದೂ ಅದೇ ಜುಲೈ.

ಬರಿಯವರಿಗೆ ಬೇಡಿ ಬಿಗಿದುಕೊಳ್ಳಲು ಒಂದು ಕೊಳವೆ ಇತ್ತು. ಕೇರಳ ಬ್ಲಾಸ್ಟರ್ಸ್‌ನ ಮಂಜಪ್ಪಡ ಗುಂಪಿನವರು 2024ರ ಕೊನೆಯಲ್ಲಿ ತಮ್ಮ ಆಡಳಿತದ ವಿರುದ್ಧ ಸಿಡಿದೆದ್ದು ಟಿಕೆಟ್ ಬೇಡವೆಂದಾಗ, ಬದ್ಧವೈರಿಗಳಾದ ನಾವೂ ಒಳಗೊಳಗೇ ಅವರನ್ನು ಮೆಚ್ಚಿದ್ದೆವು. ಅವರಿಗೂ ಬೈಯಲು ಒಬ್ಬ ಯಜಮಾನನಿದ್ದ. ನಾವು ಯಾರ ಬಾಗಿಲಿಗೆ ಹೋಗಬೇಕಿತ್ತು? ಕ್ಲಬ್ಬು ಲೀಗಿನ ಕಡೆ ಬೆರಳು ತೋರಿಸುತ್ತಿತ್ತು, ಲೀಗು ಒಪ್ಪಂದದ ಕಡೆ, ಒಕ್ಕೂಟ ತನ್ನ ಮೊಕದ್ದಮೆಯಿದ್ದ ಕೋರ್ಟಿನ ಕಡೆ. ಟಿಕೆಟ್ ಬಹಿಷ್ಕರಿಸೋಣವೆಂದರೆ ಪಂದ್ಯವೇ ಇರಲಿಲ್ಲ. ಬೆನ್ನು ತಿರುಗಿಸಿ ನಿಲ್ಲೋಣವೆಂದರೆ ಎದುರಿಗೆ ಆಡುವವರಿರಲಿಲ್ಲ.

ಸಂಬಳ ನಿಂತ ಆ ಆಗಸ್ಟಿನ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಕಂಠೀರವಕ್ಕೆ ಹೋದೆ. ಆರು ವರ್ಷದವಳಿದ್ದಾಗಿನಿಂದ ನನ್ನ ಹೆಗಲ ಮೇಲೆ ಕೂತು ಮ್ಯಾಚ್ ನೋಡಿದವಳು, ಈಗ ಹೈಸ್ಕೂಲು. ನೀಲಿ ಸ್ಕಾರ್ಫ್ ಹಾಕಿಕೊಂಡಿದ್ದಳು. ಕೈಯಲ್ಲಿ ಡ್ರಾಯಿಂಗ್ ಹಾಳೆ, ಅದರ ಮೇಲೆ ಅವಳೇ ಬರೆದದ್ದು: ನಮಗೆ ಆಟ ಕೊಡಿ. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆವು. ಒಳಗೆ ಮಕ್ಕಳು ಓಟದ ಅಭ್ಯಾಸ ಮಾಡುತ್ತಿದ್ದರು. ಕಾವಲುಗಾರ ಹತ್ತಿರ ಬಂದು ಹಾಳೆ ಓದಿದ. "ಇಲ್ಲಿ ಯಾರೂ ಇಲ್ಲ ಸಾರ್, ಆಫೀಸ್ ರಜಾ. ಯಾರಿಗೆ ಕೊಡ್ಬೇಕಿತ್ತು?" ಅಂದ. ಒಳ್ಳೆಯ ಮನುಷ್ಯ, ಸಹಾಯ ಮಾಡಬೇಕೆಂದೇ ಕೇಳಿದ. ಮಗಳು ನನ್ನ ಮುಖ ನೋಡಿದಳು. ನಾನು ಹಾಳೆಯನ್ನು ಸುರುಳಿ ಸುತ್ತಿದೆ.

ಅಪ್ಪನ ಇಪ್ಪತ್ತು ಜನಕ್ಕೆ ದನಿಯಿರಲಿಲ್ಲ, ಆದರೆ ಹೋಗಿ ನಿಲ್ಲಲು ಒಂದು ಮೇಜಿತ್ತು. ನಮಗೆ ದನಿ ಬಂತು, ಡೋಲು ಬಂತು, ಬ್ಯಾನರು ಬಂತು, ಮೇಜು ಮಾಯವಾಯಿತು.

2018ರ ಜೂನಿನಲ್ಲಿ ಛೇಟ್ರಿ ಒಂದು ವಿಡಿಯೊ ಮಾಡಿದ್ದರು. ಮುಂಬೈಯಲ್ಲಿ ಭಾರತದ ಪಂದ್ಯಕ್ಕೆ ಬಂದವರು ಎರಡೂವರೆ ಸಾವಿರದಷ್ಟೇ. ಬೈಯಿರಿ, ಟೀಕಿಸಿ, ಆದರೆ ಸ್ಟೇಡಿಯಂಗೆ ಬಂದು ಬೈಯಿರಿ ಎಂದು ಕೈಮುಗಿದು ಕೇಳಿಕೊಂಡಿದ್ದರು. ಮುಂದಿನ ಪಂದ್ಯದ ಟಿಕೆಟ್ ಖಾಲಿಯಾಯಿತು. 2026ರ ಜನವರಿಯಲ್ಲಿ ಅದೇ ಮನುಷ್ಯ, ನಲವತ್ತೊಂದು ವರ್ಷ, ಬೇರೆ ಆಟಗಾರರ ಜೊತೆ ಮತ್ತೊಂದು ವಿಡಿಯೊದಲ್ಲಿ ಕಂಡರು. ಈ ಸಲ ಮೊರೆಯಿಟ್ಟದ್ದು ಫಿಫಾಗೆ, ನಮ್ಮ ಆಟವನ್ನು ಉಳಿಸಿಕೊಡಿ ಎಂದು. ಆಟಗಾರರಿಗೇ ನಿಲ್ಲಲು ಮೇಜಿಲ್ಲದ ಮೇಲೆ ಗ್ಯಾಲರಿಯವರ ಪಾಡೇನು.

ಫೆಬ್ರವರಿ 14ರಂದು ಕೊನೆಗೂ ಲೀಗ್ ಶುರುವಾಯಿತು. 14 ತಂಡ, 91 ಪಂದ್ಯ, ಎದುರಾಳಿಯೊಂದಿಗೆ ಒಂದೊಂದೇ ಸಲ. ಅರ್ಧಕ್ಕೆ ಕತ್ತರಿಸಿದ ಸೀಸನ್ನು. ಬಾರದೇ ಇದ್ದದ್ದಕ್ಕಿಂತ ಮೇಲು, ನಿಜ. ಮಗಳೂ ನಾನೂ ನಮ್ಮೂರಿನ ಮೊದಲ ಪಂದ್ಯಕ್ಕೆ ಹೋದೆವು. ನಮ್ಮ ಸಾಲಿನಲ್ಲಿ ಮೂರು ಜನ. ಹಾಡು ಎತ್ತುತ್ತಿದ್ದ ಹುಡುಗನ ಜಾಗದಲ್ಲಿ ಬೇರೆಯವನು. ಸಾಲುಗಳು ಅವನಿಗೆ ಇನ್ನೂ ಪೂರ್ತಿ ಬಾಯಿಗೆ ಹತ್ತಿರಲಿಲ್ಲ. ಮಗಳು ಅವನಿಗಿಂತ ಜೋರಾಗಿ ಹಾಡಿದಳು.

ಮನೆಗೆ ಬಂದಾಗ ಅಪ್ಪ ಸೋಫಾದಲ್ಲೇ ಕೂತಿದ್ದರು. ಈಗ ಅವರಿಗೆ ಕಿವಿ ಮಂದ, ಏನೇ ಹೇಳಿದರೂ ಎರಡು ಸಲ ಹೇಳಬೇಕು.

"ಜನ ಎಷ್ಟಿದ್ರು?"

ನಾನು ಷೂ ಬಿಚ್ಚುತ್ತ ಸುಮ್ಮನಿದ್ದೆ. ಮಗಳು ಅವರ ಪಕ್ಕ ಹೋಗಿ ಕೂತು, ಸ್ಕಾರ್ಫ್ ತೆಗೆದು ಅವರ ಕೊರಳಿಗೆ ಸುತ್ತಿ, ಕಿವಿಯ ಹತ್ತಿರ ಬಾಗಿ ಹೇಳಿದಳು: "ಕಮ್ಮಿ ಇದ್ರು ತಾತ. ನಾನೇ ಲೆಕ್ಕ ಹಾಕ್ದೆ."

ಅಪ್ಪ ತಲೆಯಾಡಿಸಿದರು. "ಎಲ್ಲಿಂದ ಎಲ್ಲೀವರೆಗೆ ಕೂತಿದ್ರು, ಹೇಳು" ಅಂದರು. ಅವಳು ಟೀಪಾಯಿಯ ಮೇಲೆ ಬೆರಳಲ್ಲಿ ಸ್ಟೇಡಿಯಂ ಬರೆದು ಒಂದೊಂದೇ ಸಾಲು ತೋರಿಸತೊಡಗಿದಳು.