ನೆಲವೇ ಡೊಂಕಾಗಿತ್ತು

ನಿವೃತ್ತನಾದ ಮೇಲೆ ನನ್ನ ದಿನದ ಬಹುಪಾಲು ಮನೆಯ ಹಿಂದಿನ ಅಡಿಕೆ ತೋಟದಲ್ಲೂ ಅದರ ಕೆಳಗಿನ ಒಂದೆಕರೆ ಗದ್ದೆಯಲ್ಲೂ ಕಳೆಯುತ್ತದೆ. ದೊಡ್ಡ ಟ್ರ್ಯಾಕ್ಟರ್ ಇಳಿಯಲಾಗದ ಮಲೆನಾಡಿನ ಕಿರುಗದ್ದೆಗಳಿಗೆ ಪವರ್ ಟಿಲ್ಲರೇ ಈಗ ಎತ್ತಿನ ಜೋಡಿ. ನಮ್ಮ ಟಿಲ್ಲರನ್ನು ಹಲವು ವರ್ಷಗಳಿಂದ ನಡೆಸುತ್ತಿರುವಾತ ನಮ್ಮೂರಿನವನೇ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ಕಳೆದ ಮಳೆಗಾಲದ ಮಾತು. ಮಡಿಯಲ್ಲಿ ಸಸಿ 25 ದಿನ ದಾಟಿ ಬಲಿಯತೊಡಗಿತ್ತು. ನಾಟಿಯ ಹೆಂಗಸರು ನಾಡಿದ್ದು ಬರುವುದಾಗಿ ಒಪ್ಪಿದ್ದರು. ಟಿಲ್ಲರ್ ಕೆಸರಿಗಿಳಿದೊಡನೆ ಎಂಜಿನ್ ಗುಡುಗುತ್ತಿತ್ತು, ಗಾಲಿ ಮಾತ್ರ ತಿರುಗಲೊಲ್ಲದು.

"ಮೇಷ್ಟ್ರೇ, ಬೆಲ್ಟ್ ಜಾರ್ತಾ ಇದೆ. ಒಂದ್ಸಲ ಬಿಚ್ಚಿ ನೋಡ್ಬೇಕು" ಎಂದನಾತ.

ಹಿಂದಿನ ವರ್ಷವಷ್ಟೇ ಹೊಸ ಬೆಲ್ಟ್ ಹಾಕಿಸಿದ್ದ ನನಗೆ ಅದು ನೆಪವೆನ್ನಿಸಿತು. ನಾಟಿಯ ಆತಂಕವೂ ಸೇರಿ, ಬದು ಕಡಿಯುತ್ತಿದ್ದ ನಾಲ್ವರ ಎದುರಿನಲ್ಲೇ, "ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಕ್ಲಚ್ಚನ್ನು ಅರ್ಧ ಹಿಡಿದೇ ಓಡಿಸಿದರೆ ಯಾವ ಯಂತ್ರ ಎಳೆದೀತು?" ಎಂದುಬಿಟ್ಟೆ. ಆತ ಮರುಮಾತಾಡದೆ ಎಂಜಿನ್ ನಿಲ್ಲಿಸಿ, ಕಂಬಳಿಕೊಪ್ಪೆಯನ್ನು ಹೆಗಲಿಗೇರಿಸಿಕೊಂಡು ಮನೆಗೆ ನಡೆದ.

ಸಂಜೆ ನಾನೇ ಪಾನಾ ಹಿಡಿದು ಬೆಲ್ಟಿನ ಮುಚ್ಚಳ ಬಿಚ್ಚಿದೆ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಎಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಒಯ್ಯುವ ಬೆಲ್ಟುಗಳು ನಮ್ಮ ಯಂತ್ರದಲ್ಲಿ ಮೂರು. ಹಿಂದಿನ ವರ್ಷ ಅವುಗಳಲ್ಲಿ ಒಂದು ಹರಿದಾಗ ಮೂರನ್ನೂ ಬದಲಿಸಿರೆಂದು ಅಂಗಡಿಯವನು ಹೇಳಿದ್ದ. ವ್ಯಾಪಾರದ ಮಾತೆಂದು ನಕ್ಕು ನಾನು ಒಂದನ್ನಷ್ಟೇ ಕೊಂಡಿದ್ದೆ.

ಇಂಥ ಬೆಲ್ಟು ಪುಲ್ಲಿಯ ಗಾಡಿಯಲ್ಲಿ ಬೆಣೆಯಂತೆ ಕುಳಿತು, ತನ್ನ ಎರಡು ಓರೆ ಮಗ್ಗುಲುಗಳಿಂದ ಹಿಡಿಯುತ್ತದೆ. ಅದರ ತಳ ಗಾಡಿಯ ತಳಕ್ಕೆ ತಾಗಕೂಡದು. ನಮ್ಮ ಹಳೆಯ ಎರಡು ಬೆಲ್ಟುಗಳು ಸವೆದು ಸಪೂರವಾಗಿ ತಳಕ್ಕಿಳಿದಿದ್ದವು. ಆ ಗಾಡಿಗಳ ತಳ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅವು ಹಿಗ್ಗಿ ಸಡಿಲವಾಗಿದ್ದರಿಂದ ಮೂವರ ಹೊರೆಯನ್ನು ಹೊಸತೊಂದೇ ಹೊತ್ತು, ಒಂದೇ ವರ್ಷಕ್ಕೆ ಬಿರುಕುಬಿಟ್ಟಿತ್ತು. ಹಳೆಯದರ ಜೊತೆ ಹೊಸತನ್ನು ಹೂಡಿದರೆ ಎರಡೂ ಕೆಡುತ್ತವೆ. ತಪ್ಪು ಓಡಿಸುವವನದಲ್ಲ, ನನ್ನ ಜಿಪುಣತನದ್ದು.

ಮರುದಿನ ಪೇಟೆಯ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತು, ಒಂದೇ ಅಳತೆಯ ಮೂರು ಬೆಲ್ಟುಗಳನ್ನು ತಂದೆ. ಬೆಲ್ಟಿನ ಬೆನ್ನ ಮೇಲಿನ ಅಕ್ಷರ ಅದರ ಅಗಲ-ದಪ್ಪವನ್ನೂ ಸಂಖ್ಯೆ ಉದ್ದವನ್ನೂ ಸೂಚಿಸುತ್ತದೆಂಬುದನ್ನು ಈ ವಯಸ್ಸಿನಲ್ಲಿ ಕಲಿತೆ. ನೇರವಾಗಿ ಆತನ ಮನೆಗೆ ಹೋಗಿ, "ನೆಲವೇ ಡೊಂಕಾಗಿತ್ತಪ್ಪಾ, ತಪ್ಪು ನನ್ನದು" ಎಂದೆ.

ಆತ ಚೀಲದತ್ತ ನೋಡಿ, "ಅದಿರ್ಲಿ ಮೇಷ್ಟ್ರೇ, ಮೂರೂ ತಂದ್ರಾ?" ಎಂದ.

ಎಂಜಿನ್ನಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಹಿಂದಕ್ಕೆ ಸರಿಸಿ ಹಳೆಯವನ್ನು ತೆಗೆದೆವು. ಅವಸರಕ್ಕೆ ನಾನು ಹೊಸ ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಹೊರಟಾಗ ಆತ ಕೈ ತಡೆದ. ಹಾಗೆ ಮೀಟಿದರೆ ಒಳಗಿನ ದಾರದ ಎಳೆಗಳು ತುಂಡಾಗುತ್ತವಂತೆ. ಎರಡೂ ಪುಲ್ಲಿಗಳು ಒಂದೇ ನೇರದಲ್ಲಿವೆಯೇ ಎಂದು ದಾರ ಹಿಡಿದು ನೋಡಿದ. ಎಂಜಿನ್ನನ್ನು ಮುಂದಕ್ಕೆಳೆದು ಬಿಗಿದು, ಹೆಬ್ಬೆರಳಿನಿಂದ ಬೆಲ್ಟನ್ನು ಅದುಮಿ ತೃಪ್ತನಾದ. ಹೊಸ ಬೆಲ್ಟು ಓಡಿದಂತೆ ಸ್ವಲ್ಪ ಹಿಗ್ಗುವುದರಿಂದ ಕೆಲವು ಗಂಟೆಗಳ ಬಳಿಕ ಮತ್ತೊಮ್ಮೆ ಬಿಗಿಯಬೇಕೆಂದೂ ಹೇಳಿದ.

ಟಿಲ್ಲರ್ ಗದ್ದೆಗಿಳಿಯುವಾಗ ಬದುವಿನ ಮೇಲೆ ಅದೇ ನಾಲ್ವರಿದ್ದರು. ನಾಲ್ವರೆದುರು ಆಡಿದ ಮಾತನ್ನು ಮನೆಯೊಳಗೆ ಹಿಂತೆಗೆದುಕೊಂಡರೆ ಸಾಲದೆಂದು, ನಿನ್ನೆ ನಾನಂದದ್ದು ತಪ್ಪೆಂದು ಅವರಿಗೆ ಕೇಳುವಂತೆ ಹೇಳಿದೆ. ಗಾಲಿ ಕೆಸರನ್ನು ಸೀಳುತ್ತ ಸಾಗಿತು. ಆತ ತಿರುಗಿ ನೋಡಲಿಲ್ಲ; ಬೆನ್ನು ಮಾತ್ರ ತುಸು ನೆಟ್ಟಗಾದಂತೆ ಕಂಡಿತು.

ಆ ರಾತ್ರಿ ಬಹುಕಾಲದ ಹಿಂದಿನ ಹುಡುಗನೊಬ್ಬ ನೆನಪಾದ. ಹಲಗೆಯ ಮೇಲಿನ ಲೆಕ್ಕವನ್ನು ಸದಾ ತಪ್ಪಾಗಿ ಬರೆದುಕೊಳ್ಳುತ್ತಿದ್ದವನನ್ನು ಸೋಮಾರಿಯೆಂದು ಇಡೀ ತರಗತಿಯ ಎದುರು ಜರೆದಿದ್ದೆ. ಅವನಿಗೆ ದೂರದ ಅಕ್ಷರ ಕಾಣುತ್ತಿರಲಿಲ್ಲವೆಂದು ನನಗೆ ತಿಳಿಯುವ ಹೊತ್ತಿಗೆ ಅವನು ಶಾಲೆ ಬಿಟ್ಟಾಗಿತ್ತು. ಅವನ ಮನೆಗೆ ಹೋಗಿ ಹೇಳುವ ಬುದ್ಧಿ ನನಗಾಗ ಬರಲಿಲ್ಲ.